ಒಂದು ಗಡಿಗಿ ಹೆಚ್ಚಾತು

ಯಾದಗಿರಿಯಲ್ಲಿ ರೈಲು ಇಳಿದಾಗ ಬೆಳಗಿನ ಒಂಬತ್ತು. ಏಪ್ರಿಲ್ ತಿಂಗಳ ಕೊನೆಯ ವಾರ. ತುಮಕೂರಿನಲ್ಲಿ ಮಧ್ಯಾಹ್ನ ಎರಡಕ್ಕೂ ಕಾಣದ ಬಿಸಿಲು ಇಲ್ಲಿ ಒಂಬತ್ತಕ್ಕೇ ನೆತ್ತಿಯ ಮೇಲೆ ಕೂತಿತ್ತು. ನಿಲ್ದಾಣದ ಹೊರಗೆ ಚಾ ಕುಡಿದೆ, ಹತ್ತು ರೂಪಾಯಿ. ಬಸ್ ಸ್ಟ್ಯಾಂಡಿಗೆ ಆಟೋದವನು ಎಂಬತ್ತು ಕೇಳಿದ. ನಾನು ನಲವತ್ತು ಅಂದೆ. "ಬರ್ರಿ ಟೀಚರ್" ಎಂದು ಹತ್ತಿಸಿಕೊಂಡ. ನಾನು ಟೀಚರೆಂದು ಇವನಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದರೆ, "ಗದರಿಸಿದ್ರಲ್ರಿ" ಎಂದು ನಕ್ಕ.

ಹೊರಟ ಕಾರಣ ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ವರ್ಷದಿಂದ ನಾನು ಪ್ರತಿ ಭಾನುವಾರ ಕುಂಬಾರಿಕೆ ತರಗತಿಗೆ ಹೋಗುತ್ತಿದ್ದೇನೆ. ವಾರವೆಲ್ಲ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ಗಂಟಲು ಹರಿದುಕೊಂಡವಳಿಗೆ ಆ ಎರಡು ಗಂಟೆ ಸ್ವರ್ಗ. ಬಟ್ಟಲು, ಲೋಟ, ಹೂದಾನಿ ಅಂತ ಏನೇನೋ ಮಾಡಿ ನೆಂಟರಿಗೆಲ್ಲ ಹಂಚಿದ್ದೇನೆ. ಎಲ್ಲರೂ "ಎಷ್ಟು ಚೆನ್ನಾಗಿದೆ!" ಅಂದವರೇ. ಬಳಸಿದವರು ಮಾತ್ರ ಒಬ್ಬರೂ ಇಲ್ಲ. ತಂಗಿಯ ಮನೆಯಲ್ಲಿ ನನ್ನ ಬಟ್ಟಲು ಗಾಜಿನ ಕಪಾಟು ಸೇರಿದೆ. ಅತ್ತಿಗೆಯ ಮನೆಯಲ್ಲಿ ನನ್ನ ಲೋಟದ ತುಂಬ ಬರೆಯದ ಪೆನ್ನುಗಳು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯುತ್ತಿತ್ತು. ನಾನು ಮಾಡಿದ ಒಂದೇ ಒಂದು ಪಾತ್ರೆ ಯಾರಿಗಾದರೂ ನಿಜವಾಗಿ ಬೇಕಾಗಬೇಕು, ಅದಿಲ್ಲದೆ ಅವರ ಕೆಲಸ ನಿಲ್ಲಬೇಕು, ಇಷ್ಟೇ ನನ್ನ ಆಸೆ.

ಇದನ್ನು ಫೋನಿನಲ್ಲಿ ಶಶಿಕಲಾಳ ಹತ್ತಿರ ಗೋಳಾಡಿದ್ದೆ. ಶಶಿಕಲಾ ನನ್ನ ಬಿ.ಎಡ್. ಹಾಸ್ಟೆಲಿನ ಗೆಳತಿ. ಗಂಡನಿಗೆ ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಕೆಲಸ, ಅಲ್ಲೇ ಕ್ವಾರ್ಟರ್ಸಿನಲ್ಲಿದ್ದಾಳೆ. "ನಿನ್ನ ಕಪ್ಪು-ಬಸಿ ಯಾರಿಗೆ ಬೇಕಾಗ್ಯಾವ? ನಮ್ ಸುರಪುರದಾಗ ಈರಮ್ಮ ಅಂತ ಇದ್ದಾಳ. ರಜಾದಾಗ ಬಾ, ಗಡಿಗಿ ಬಡಿಯೋದು ಕಲಿ" ಎಂದಿದ್ದಳು. ರಜೆ ಬಂತು, ನಾನೂ ಬಂದೆ.

ಯಾದಗಿರಿಯಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಮಗೆ ಹೆಂಗಸರಿಗೆ ಪುಕ್ಕಟೆ, ಸೊನ್ನೆ ರೂಪಾಯಿಯ ಟಿಕೆಟ್ ಕೈಗಿಟ್ಟರು. ಭೀಮಾ ನದಿಯಲ್ಲಿ ನೀರಿಗಿಂತ ಮರಳೇ ಹೆಚ್ಚು ಕಂಡಿತು. ಎರಡೂ ಕಡೆ ಹತ್ತಿ ಬಿಡಿಸಿದ ಕಪ್ಪು ಹೊಲಗಳು ಬಾಯಿ ಬಿಟ್ಟುಕೊಂಡಿದ್ದವು. ಶಹಾಪುರ ಹತ್ತಿರವಾದಾಗ ಪಕ್ಕದ ಹೆಂಗಸು ನನ್ನ ಮೊಣಕೈ ತಿವಿದು ಗುಡ್ಡ ತೋರಿಸಿದಳು. "ಬುದ್ಧ ಮಲಗ್ಯಾನ ನೋಡ್ರಿ. ಇಲ್ಲಿ ಮೂಗು, ಅಲ್ಲಿ ಹೊಟ್ಟಿ." ಮೂಗು ಕಂಡಿತು. ಹೊಟ್ಟೆ ಹುಡುಕುವಷ್ಟರಲ್ಲಿ ಬಸ್ಸು ತಿರುಗಿತು.

ಭೀಮರಾಯನಗುಡಿಯಲ್ಲಿ ಬೇವಿನ ಮರದ ನೆರಳಿದೆ. ಶಶಿಕಲಾ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೇಲೆ ಮೊಸರು ಹಾಕಿದಳು. ಮೂರು ರೊಟ್ಟಿ ತಿಂದು ಸಾಕು ಅಂದರೆ, "ಊರಿಗಿ ಹೋಗಿ ಶಶಿಕಲಾ ಉಪವಾಸ ಕೆಡವಿದ್ಳು ಅಂತ ಹೇಳಾಕೇನು?" ಎಂದು ನಾಲ್ಕನೆಯದನ್ನೂ ತುರುಕಿದಳು.

ಮರುದಿನ ಅವಳೇ ಸುರಪುರಕ್ಕೆ ಕರೆದುಕೊಂಡು ಹೋದಳು. ಊರು ಬಂಡೆಗಳ ಸಂದಿಯಲ್ಲಿ ಹೇಗೋ ಜಾಗ ಮಾಡಿಕೊಂಡು ಕೂತಿದೆ, ಏರು, ಇಳುಕಲು, ಮತ್ತೆ ಏರು. ಕುಂಬಾರ ಓಣಿಗೆ ಮುಟ್ಟುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಈರಮ್ಮನಿಗೆ ಅರವತ್ತರ ಹತ್ತಿರ. ಸಣ್ಣ ಆಳು, ಮುಂಗೈ ಮಾತ್ರ ಕುಸ್ತಿಯವರದ್ದು. ಗಂಡ ಮಲ್ಲಣ್ಣ ಮಾತಿಗಿಂತ ನಗು ಹೆಚ್ಚಿರುವ ಮನುಷ್ಯ. ಕುಂಬಾರರ ಚಕ್ರಕ್ಕೆ ಅಲ್ಲಿ ತಿಗರಿ ಅನ್ನುತ್ತಾರೆ. ಅವರದು ಈಗ ಕರೆಂಟಿನಲ್ಲಿ ತಿರುಗುತ್ತದೆ.

ನನಗೂ ಬರುತ್ತದೆ ಎಂದು ತೋರಿಸಬೇಕಲ್ಲ! ಸೆರಗು ಸಿಕ್ಕಿಸಿ ತಿಗರಿಯ ಮುಂದೆ ಕೂತೆ. ಐದು ನಿಮಿಷದಲ್ಲಿ ಗುಂಡಗೆ ಒಂದು ಪಾತ್ರೆ ಎತ್ತಿ ಮಲ್ಲಣ್ಣನ ಮುಖ ನೋಡಿದೆ. ಅವರು ಒಳಗೆ ಬೆರಳಿಟ್ಟು, "ಚೊಲೊ ಅದ. ಬುಡ ಯಾಕ ಮಾಡೀರಿ?" ಎಂದರು.

"ಬುಡ ಇಲ್ಲದೆ ಗಡಿಗೆ ಹೇಗ್ರೀ ಆಗುತ್ತೆ?"

ಗಂಡ ಹೆಂಡತಿ ಇಬ್ಬರೂ ನಕ್ಕರು. ಶಶಿಕಲಾ ಅಂತೂ ಗೋಡೆ ಹಿಡಿದುಕೊಂಡಳು. ಅಲ್ಲಿ ತಿಗರಿಯಿಂದ ಇಳಿಯುವ ಗಡಿಗೆಗೆ ಬುಡವೇ ಇರುವುದಿಲ್ಲ. ಬಾಯಿ, ಕುತ್ತಿಗೆ, ದಪ್ಪನೆಯ ಮೈ ಇಷ್ಟೇ, ಕೆಳಗೆ ಬಯಲು. ಅದು ಅರ್ಧ ಆರಿದ ಮೇಲೆ ಈರಮ್ಮ ತೊಡೆಯ ಮೇಲಿಟ್ಟು, ಎಡಗೈಯಲ್ಲಿ ಒಳಗೊಂದು ಗುಂಡುಕಲ್ಲು ಹಿಡಿದು, ಬಲಗೈಯಲ್ಲಿ ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಯುತ್ತಾಳೆ. ಟಪ್ ಟಪ್ ಎಂದು ಬಡಿದಂತೆ ಮಣ್ಣು ತೆಳುವಾಗಿ ಹಬ್ಬುತ್ತ ಬುಡ ತಾನೇ ಕೂಡಿಕೊಳ್ಳುತ್ತದೆ. "ತಿಗರಿ ಹಡದು ಕೊಡ್ತದ್ರಿ, ಬೆಳಸಾಕಿ ಈಕಿ" ಎಂದರು ಮಲ್ಲಣ್ಣ. ನಾಲ್ಕು ವರ್ಷ ಕಲಿತಿದ್ದೇನೆ ಎಂಬ ನನ್ನ ಜಂಬ ಅಲ್ಲೇ ಇಳಿಯಿತು.

ಬಸ್ ಸ್ಟ್ಯಾಂಡಿನ ಹತ್ತಿರ ದಿನಕ್ಕೆ ಐನೂರರ ಕೋಣೆ ಹಿಡಿದೆ. ಶಶಿಕಲಾ ಊರಿಗೆ ಮರಳಿದಳು. ಬೆಳಿಗ್ಗೆ ಆರಕ್ಕೆ ಕುಂಬಾರ ಓಣಿ, ಹನ್ನೊಂದಕ್ಕೆ ಬಿಸಿಲು ತಡೆಯದೆ ಕೋಣೆ, ಮತ್ತೆ ನಾಲ್ಕಕ್ಕೆ ಓಣಿ. ಎರಡು ದಿನದಲ್ಲಿ ಮೂರು ಗಡಿಗೆ ಕೆಡಿಸಿದೆ. ಮೊದಲನೆಯದಕ್ಕೆ ತೂತು ಬಿತ್ತು. ಎರಡನೆಯದು ಚಪ್ಪಟೆಯಾಯಿತು. ಮೂರನೆಯದನ್ನು ಬಡಿಯುತ್ತ ನನ್ನದೇ ಹೆಬ್ಬೆರಳು ಜಜ್ಜಿಕೊಂಡೆ. ಈರಮ್ಮ ಬೈಯಲಿಲ್ಲ. "ಗಡಿಗಿ ಮ್ಯಾಲ ಸಿಟ್ಟು ಯಾಕ್ರಿ ಅಕ್ಕಾರ? ಕಲ್ಲು ಎಲ್ಲಿ ಅದ ಅಲ್ಲಿ ಹಲಗಿ ಬೀಳಬೇಕು. ಕಣ್ಣಿಲೆ ನೋಡಬ್ಯಾಡ್ರಿ, ಕೇಳ್ರಿ" ಎಂದು ಮೂರನ್ನೂ ನೀರಿಗೆ ಹಾಕಿ ಮತ್ತೆ ಮಣ್ಣು ಮಾಡಿದಳು.

ಮೂರನೆಯ ಸಂಜೆ, "ನಾಳಿ ತಲಿ ಮ್ಯಾಲ ನೀರ್ ಹಾಕ್ಕೊಂಡು ಬರ್ರಿ. ಏನೂ ತಿನಬ್ಯಾಡ್ರಿ" ಎಂದಳು. ಊರಿನ ಒಂದು ಮನೆಯಲ್ಲಿ ಮದುವೆ. ಅದಕ್ಕೆ ಐರಾಣಿ ಬೇಕು. ಮದುವೆಯ ಮುಂಚೆ ಹೆಣ್ಣಿನ ಮನೆಯ ಮುತ್ತೈದೆಯರು ವಾದ್ಯದೊಂದಿಗೆ ಕುಂಬಾರರ ಮನೆಗೇ ಬಂದು, ಕುಂಬಾರಗಿತ್ತಿಗೆ ಉಡಿ ತುಂಬಿ, ಸುಣ್ಣ ಕೆಮ್ಮಣ್ಣು ಬರೆದ ಐದು ಗಡಿಗೆ ಹೊತ್ತು ಒಯ್ಯುತ್ತಾರೆ. ಆ ಐದು ಗಡಿಗೆಗಳೇ ಐರಾಣಿ. ಅವು ದೇವರ ಮುಂದೆ ಕೂತ ಮೇಲೇ ಅರಿಸಿನ, ಅಕ್ಕಿಕಾಳು ಎಲ್ಲ. ಮಡಿಯಲ್ಲಿ ಮಾಡಬೇಕು.

ಚಾ ಇಲ್ಲದೆ ಗೊಣಗುತ್ತಲೇ ಹೋದೆ. ಮಲ್ಲಣ್ಣ ಐದರ ಜೊತೆಗೆ ಇರಲಿ ಎಂದು ಆರು ಇಳಿಸಿದ್ದರು. ಈರಮ್ಮ ಐದನ್ನು ಬಡಿದಳು. ಆರನೆಯದನ್ನು ನನ್ನ ತೊಡೆಯ ಮೇಲಿಟ್ಟಳು.

"ಏ, ಅದು ಬೇಕಾದೀತಂತ ಜೋಡಿಗಿ ಇಟ್ಟದ್ದು" ಎಂದರು ಮಲ್ಲಣ್ಣ.

"ಇರ್ಲಿ ಬಿಡು. ಪಾಪ, ಅಷ್ಟು ದೂರದಿಂದ ಬಂದಾರ."

ಆ ದಿನ ಏನಾಯಿತೋ, ಹಸಿದ ಹೊಟ್ಟೆಗೆ ಕಿವಿ ಚುರುಕಾಯಿತೋ ಏನೋ, ಒಳಗಿನ ಕಲ್ಲಿಗೂ ಹೊರಗಿನ ಹಲಗೆಗೂ ಮಾತು ಕೂಡಿಬಿಟ್ಟಿತು. ಮಣ್ಣು ನನ್ನ ಕೈಯ ಕೆಳಗೆ ಸರಿಯುತ್ತಿರುವುದು ಗೊತ್ತಾಗುತ್ತಿತ್ತು. ನಾನು ಶಾಲೆ ಮರೆತೆ, ಮನೆ ಮರೆತೆ, ಬೆನ್ನು ನೋವೂ ಮರೆತೆ. ಬುಡ ಕೂಡಿಕೊಂಡಾಗ ನನಗೆ ಎಷ್ಟು ಖುಷಿಯಾಯಿತೆಂದರೆ ಮಣ್ಣಿನ ಕೈಯಲ್ಲೇ ಈರಮ್ಮನ ಗಲ್ಲ ಹಿಡಿದುಬಿಟ್ಟೆ. ಅವಳು ಗಡಿಗೆಯನ್ನು ತಿರುಗಿಸಿ ನೋಡಿ, "ಒಂದ್ ಕಡಿ ಜರಾ ಒಳಗ ಹೋಗ್ಯಾದ. ನೀರ್ ಹಿಡೀತದ, ಸಾಕು" ಎಂದಳು. ಅಷ್ಟು ಹೇಳಿದ್ದೇ ನನಗೆ ದೊಡ್ಡ ಪ್ರಶಸ್ತಿ.

ಆ ಬಿಸಿಲಿಗೆ ಮೂರೇ ದಿನದಲ್ಲಿ ಆರೂ ಗಡಿಗೆ ಒಣಗಿದವು. ತೊಗರಿ ಕಟ್ಟಿಗೆ, ಬೆರಣಿ, ಹುಲ್ಲು ಹೇರಿ ಸಂಜೆ ಆವಿಗೆಗೆ ಬೆಂಕಿ ಕೊಟ್ಟರು. ಒಂದು ದಿನ ಬಿಟ್ಟು ಬೆಳಿಗ್ಗೆ ಬೂದಿ ಸರಿಸಿದಾಗ ನೀರು ತುಂಬುವ ದೊಡ್ಡ ಹರವಿಗಳ ನಡುವೆ ನನ್ನದೂ ಕೆಂಪಗೆ ಹೊರಬಂತು. ಬೆರಳು ಮಡಚಿ ಬಡಿದೆ. ಠಣ್ ಅಂದಿತು. ಅದನ್ನು ತುಮಕೂರಿಗೆ ಒಯ್ಯುವುದು, ನಮ್ಮ ತರಗತಿಯ ಮೇಡಮ್ಮಿನ ಮೇಜಿನ ಮೇಲಿಡುವುದು, ಎಲ್ಲರ ಬಾಯಿ ಮುಚ್ಚಿಸುವುದು, ಎಲ್ಲ ಅಲ್ಲೇ ನಿಂತು ಲೆಕ್ಕ ಹಾಕಿಯಾಯಿತು. ಈರಮ್ಮ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟಳು. ಆ ದಿನವೇ ಭೀಮರಾಯನಗುಡಿಗೆ ಮರಳಿದೆ. ನನ್ನ ರೈಲು ಎರಡು ದಿನ ಬಿಟ್ಟು ಸಂಜೆಗೆ ಇತ್ತು.

ಮರುದಿನ ಶಶಿಕಲಾ ನನ್ನನ್ನು ಶಿರವಾಳಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಹೆಜ್ಜೆಗೊಂದು ಹಳೆಯ ಗುಡಿ. ಕೆಲವು ಪೂಜೆ ಇರುವವು, ಕೆಲವಕ್ಕೆ ಪಾರಿವಾಳಗಳೇ ಪೂಜಾರಿ. ಕಂಬಗಳ ನೆರಳಿನಲ್ಲಿ ಕೂತು ಮಂಡಕ್ಕಿ ಸೂಸಲಾ ತಿನ್ನುತ್ತಿದ್ದಾಗ ಫೋನ್ ಬಂತು. ಈರಮ್ಮ.

"ಅಕ್ಕಾರ, ಐರಾಣಿ ಗಡಿಗಿ ಒಂದ್ ಹೆಚ್ಚಾತ್ರಿ."

"ಹೌದಾ? ಒಳ್ಳೇದೇ ಆಯ್ತಲ್ಲ!" ಅಂದೆ.

ಆಮೇಲೆ ಮೆಲ್ಲಗೆ, "ನಿಮ್ ಗಡಿಗಿ ನಿಮ್ ಹತ್ರಾನೇ ಅದ ಏನ್ರಿ? ಅದರ ಬದ್ಲಿ ನಾ ನಿಮಗ ಇನ್ನೊಂದ್ ಚೊಲೊದು ಕೊಡ್ತಿದ್ದೆ" ಎಂದಳು.

ನನಗೆ ಚುರುಕ್ಕೆಂದಿತು. ಎಲ್ಲಿಂದಲೋ ಇನ್ನೊಂದು ಸೇರಿ ಐದು ಸಾಕಾಗುವಲ್ಲಿ ಆರಾಗಿದೆ, ಉಳಿದದ್ದನ್ನು ಕೊಟ್ಟು ನನ್ನ ಸೊಟ್ಟ ಗಡಿಗೆ ವಾಪಸ್ ತಗೊಳ್ಳುವ ಔದಾರ್ಯ ಎಂದುಕೊಂಡೆ. "ಬೇಡಮ್ಮ, ಸೊಟ್ಟವಾದರೂ ನನಗೆ ನನ್ನದೇ ಸಾಕು. ಹೆಚ್ಚಾಗಿದ್ದನ್ನ ಯಾರಿಗಾದರೂ ಕೊಟ್ಟುಬಿಡು."

"ಆಯ್ತ್ರಿ ಅಕ್ಕಾರ" ಎಂದು ಇಟ್ಟುಬಿಟ್ಟಳು.

ಸಂಜೆ ಊಟಕ್ಕೆ ಕೂತಾಗ ಇದನ್ನು ಹೆಮ್ಮೆಯಿಂದಲೇ ಹೇಳಿದೆ. ಶಶಿಕಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಏನಂದ್ಳು? ಹೆಚ್ಚಾತು ಅಂದ್ಳೇನು?"

"ಹೂಂ. ಒಂದು ಹೆಚ್ಚಾಗಿದೆಯಂತೆ."

"ಅಯ್ಯ ನಿನ್ನ! ಒಡದಾದ ಅದು! ಮದಿವಿ ಗಡಿಗಿ ಒಡೀತು ಅಂತ ಬಾಯಿಲೆ ಆಡ್ತಾರೇನು? ನಾಳಿ ಮುಂಜಾನಿ ಒಂಬತ್ತಕ್ಕ ಹೆಣ್ಣಿನ ಮನಿಯವರು ಬಂದು ಬಾಗಿಲ ಮುಂದ ನಿಂದರ್ತಾರ. ಆಕಿ ನಿನ್ನ ಗಡಿಗಿ ಕೇಳಾಕ ಫೋನ್ ಮಾಡ್ಯಾಳ, ನೀ ಯಾರಿಗರ ಕೊಡು ಅಂದೀ?"

ಬಳೆ ಒಡೆದರೆ ಹೆಚ್ಚಿತು ಅನ್ನುವುದು ನನಗೂ ಗೊತ್ತಿದ್ದ ಮಾತೇ. ನಮ್ಮಜ್ಜಿ ಸಾಯುವವರೆಗೂ ಹಾಗೇ ಅಂದವರು. ಅದೇ ಮಾತು ಗಡಿಗೆಗೂ ಬರುತ್ತದೆಂದು ಈ ಮೂವತ್ತು ವರ್ಷ ಪಾಠ ಹೇಳಿದ ಮಂಡೆಗೆ ಹೊಳೆಯಲೇ ಇಲ್ಲ! ಒಡೆದ ಗಡಿಗೆಯನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಹೇಳಿದ್ದೇನೆ. ಅವಳಿಗೆ ಎಷ್ಟು ನೋವಾಗಿರಬೇಡ! ಕೂಡಲೇ ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಅದೇ. ಅವರ ಮನೆಯಲ್ಲಿ ಉಳಿದಿರುವುದೆಲ್ಲ ದೊಡ್ಡ ಹರವಿಗಳು. ಐರಾಣಿಯ ಅಳತೆಯದು, ಮಡಿಯಲ್ಲಿ ಮಾಡಿದ್ದು, ನನ್ನ ಬಳಿ ಇರುವುದೊಂದೇ.

ನಿಜ ಹೇಳುತ್ತೇನೆ, ಒಂದು ಗಳಿಗೆ ಕೊಡುವ ಮನಸ್ಸಾಗಲಿಲ್ಲ. ಕೊಟ್ಟರೆ ಮುಗಿಯಿತು, ಅದು ಮತ್ತೆ ನನಗೆ ಸಿಗುವುದಿಲ್ಲ. ನಾಲ್ಕು ವರ್ಷದಲ್ಲಿ ನೆಟ್ಟಗೆ ಬಂದದ್ದು ಅದೊಂದೇ. ಸೀರೆಯ ತುಂಡು ಬಿಚ್ಚಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತೆ. ಶಶಿಕಲಾ ಮತ್ತೆ ರೊಟ್ಟಿ ಬಡಿಯತೊಡಗಿದಳು. ಅವಳು ಏನಾದರೂ ಹೇಳಿದ್ದರೆ ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. ಕೊನೆಗೆ ನಾನೇ, "ಮೊದಲ ಬಸ್ಸು ಎಷ್ಟಕ್ಕೆ?" ಎಂದು ಕೇಳಿದೆ.

ಬೆಳಿಗ್ಗೆ ಆರೂವರೆಗೆ ಶಹಾಪುರದ ಬಸ್ಸು ಸಿಕ್ಕಿತು. ಶಹಾಪುರದಲ್ಲಿ ಸುರಪುರದ ಬಸ್ಸು ಬಾಗಿಲವರೆಗೆ ತುಂಬಿತ್ತು. ಮದುವೆಯ ಕಾಲ ನೋಡಿ. ಒಂದು ಕೈಯಲ್ಲಿ ಗಡಿಗೆ ಅವಚಿಕೊಂಡು ಮೆಟ್ಟಿಲ ಮೇಲೆ ನಿಂತೆ.

"ಅಕ್ಕಾರ, ಗಡಿಗಿ ಮ್ಯಾಲಿಡ್ರಿ" ಎಂದ ಕಂಡಕ್ಟರ್.

"ಆಗಲ್ಲ."

"ನಿಮಗ ಪುಕ್ಕಟ ಅದ. ಗಡಿಗಿಗೆ ಪುಕ್ಕಟ ಇಲ್ರಿ ಮತ್ತ" ಎಂದು ರೇಗಿಸಿದ.

"ಐರಾಣಿ ಕಣಪ್ಪ ಇದು! ಒಂಬತ್ತರೊಳಗೆ ಸುರಪುರ ಮುಟ್ಟಬೇಕು" ಎಂದು ನಾನು ಕೂಗಿಯೇಬಿಟ್ಟೆ, ಕ್ಲಾಸಿನಲ್ಲಿ ಕೂಗಿದ ಹಾಗೆ.

ಅಷ್ಟೇ ಸಾಕಾಯಿತು. "ಐರಾಣಿ ಅದಂತ, ಸರೀರೋ!" ಎಂದು ಯಾರೋ ಅಂದರು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ನನಗೊಂದು ಸೀಟು ಹುಟ್ಟಿತು. ಎದ್ದು ಜಾಗ ಕೊಟ್ಟ ಮುದುಕ ದಾರಿಯುದ್ದಕ್ಕೂ ಗುಂಡಿ ಬಂದಾಗೆಲ್ಲ ಗಡಿಗೆಗೆ ತನ್ನ ಕೈ ಅಡ್ಡ ಹಿಡಿಯುತ್ತಿದ್ದ. ಪಕ್ಕದ ಹೆಂಗಸು ತನ್ನ ಮಗುವನ್ನು ಆಚೆ ತೊಡೆಗೆ ಹಾಕಿಕೊಂಡು ಕೇಳಿದಳು:

"ಯಾರ್ ಮಾಡ್ಯಾರ್ರಿ ಇದನ್ನ?"

"ನಾನೇ."

"ಕುಂಬಾರ್ತೆರೇನು ನೀವು?"

ವಿಜ್ಞಾನದ ಟೀಚರ್ ಎಂದು ಹೇಳಬೇಕಿತ್ತು. "ಈಗೀಗ ಕಲೀತಿದ್ದೀನಿ" ಅಂದೆ. ಅವಳು ಗಡಿಗೆ ಸವರಿ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಎಂಟೂವರೆಗೆ ಓಣಿ ಮುಟ್ಟಿದೆ. ಆಟೋ ಏರಿನಲ್ಲಿ ಕೆಮ್ಮಿ ನಿಂತದ್ದರಿಂದ ಕಡೆಯ ಫರ್ಲಾಂಗು ಓಡಿದೆ, ಐವತ್ತೊಂದು ವರ್ಷದ ಹೆಂಗಸು ಓಡುವ ಹಾಗೆ. ಈರಮ್ಮ ಅಂಗಳದಲ್ಲಿ ಬರೆದು ಮುಗಿಸಿದ ನಾಲ್ಕು ಗಡಿಗೆಗಳ ಮುಂದೆ ಕೂತಿದ್ದಳು. ಕಣ್ಣು ಕೆಂಪಾಗಿದ್ದವು. ಐದನೆಯ ಜಾಗ ಖಾಲಿ ಇತ್ತು. ನೆರೆಮನೆಯ ಆಡು ಹಗ್ಗ ಕಿತ್ತುಕೊಂಡು ಬಂದು ಹಾಯ್ದಿತ್ತಂತೆ.

"ಈರಮ್ಮಾ, ನನಗೆ ಮಾತು ತಿಳೀಲಿಲ್ಲ ಕಣೆ. ಹೆಚ್ಚಾತು ಅಂದ್ರೆ ಉಳಿದಿದೆ ಅಂದುಕೊಂಡೆ" ಎಂದೆ ಏದುಸಿರು ಬಿಡುತ್ತ.

ಅವಳು ನನ್ನ ಮುಖ ನೋಡಿದಳು, ಗಡಿಗೆ ನೋಡಿದಳು. ಆಮೇಲೆ ಅಳುವೋ ನಗುವೋ ತಿಳಿಯದ ಹಾಗೆ, "ಯವ್ವಾ, ಮಾಸ್ತರಿಣಿ ಇದ್ದೀರಿ ನೀವು, ಕನ್ನಡ ಬರಂಗಿಲ್ಲೇನ್ರಿ?" ಎಂದಳು. ಒಳಗಿನಿಂದ ಮಲ್ಲಣ್ಣನ ನಗು ಕೇಳಿಸಿತು. "ಕೊಡ್ರಿ ಇಲ್ಲೆ. ಹೊತ್ತಾತು" ಎಂದು ಕಸಿದುಕೊಂಡಳು.

ಸುಣ್ಣ ಬಳಿದಳು. ನನ್ನ ಹಲಗೆಯ ಏಟಿನ ಗುರುತುಗಳೆಲ್ಲ ಒಂದೊಂದಾಗಿ ಬಿಳಿಯ ಕೆಳಗೆ ಹೋದವು. ಅದು ಆರುತ್ತಿದ್ದಂತೆ ಕೆಮ್ಮಣ್ಣಿನ ಗೆರೆ ಎಳೆದಳು. ಚುಕ್ಕೆ ಇಡಲು ಕಡ್ಡಿ ನನ್ನ ಕೈಗೆ ಕೊಟ್ಟಳು. ಉಳಿದ ನಾಲ್ಕರ ಚುಕ್ಕೆ ನೋಡಿಕೊಂಡು ಇಟ್ಟೆ.

ಮದುವೆ ಮನೆಯವರ ಹಲಗೆ ವಾದ್ಯದ ಸದ್ದು ಓಣಿಯ ತಿರುವಿನಲ್ಲಿ ಕೇಳಿದಾಗ ಕೊನೆಯ ಚುಕ್ಕೆ ಇನ್ನೂ ಹಸಿ. ಇಪ್ಪತ್ತು ಹೆಂಗಸರು, ಮುಂದೆ ಮದುಮಗಳ ದೊಡ್ಡಮ್ಮ, ದಪ್ಪ ಬಳೆಯ ಗಟ್ಟಿ ಹೆಂಗಸು. ಆಕೆ ಬಂದವಳೇ ಬಗ್ಗಿ ಗಡಿಗೆಗಳನ್ನು ಒಂದೊಂದಾಗಿ ಬೆರಳಿನಿಂದ ಬಡಿದಳು. ಠಣ್. ಠಣ್. ಠಣ್. ಠಣ್. ಐದನೆಯದನ್ನು ಬಡಿದಳು. ಠಣ್ ಅಂದಿತು, ಆದರೆ ಆಕೆ ಬಿಡಲಿಲ್ಲ. ಎತ್ತಿ ತಿರುಗಿಸಿದಳು.

"ಈರವ್ವ, ಇದ್ಯಾಕ ಒಂದ್ ಕಡಿ ಒಳಗ ಹೋಗ್ಯಾದ?"

ಈರಮ್ಮ ಏನು ಹೇಳುತ್ತಿದ್ದಳೋ, ಅಷ್ಟರಲ್ಲಿ ಆಕೆ ಗಡಿಗೆಯನ್ನು ಟೊಂಕಕ್ಕೆ ಒತ್ತಿ ಹಿಡಿದಳು. ಒಳಗೆ ಹೋದ ಮೈ ಆಕೆಯ ಟೊಂಕಕ್ಕೆ ಬರೋಬ್ಬರಿ ಕೂತಿತು. ಒಮ್ಮೆ ಅಲ್ಲಾಡಿಸಿ ನೋಡಿದಳು. "ಇದು ಚೊಲೊ ಕುಂದರ್ತದ. ನಾನ ಹಿಡಕೊಂತೀನಿ" ಎಂದಳು.

ಉಡಿ ತುಂಬಲು ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ಖಣ ತೆಗೆದರು. ಈರಮ್ಮ ಸೆರಗು ಒಡ್ಡಲಿಲ್ಲ. "ನಾಲ್ಕು ನನ್ನವು. ಐದನೇದು ಈ ಅಕ್ಕಾರದು. ಅವ್ರಿಗಿ ಮೊದ್ಲು ತುಂಬ್ರಿ" ಎಂದಳು. ನಾನು ಬೇಡ ಬೇಡ ಎಂದರೂ ದೊಡ್ಡಮ್ಮ ನನ್ನ ಸೆರಗು ತಾನೇ ಹಿಡಿದೆಳೆದು ಐದು ಬೊಗಸೆ ಹಾಕಿದಳು. ಹಣೆಗೆ ಕುಂಕುಮ, ಗಲ್ಲಕ್ಕೆ ಅರಿಸಿನ. ಇಪ್ಪತ್ತು ಜನ ಹೆಂಗಸರ ಮುಂದೆ ನಾನು ಗಳಗಳ ಅತ್ತೆ, ನಾಚಿಕೆ ಇಲ್ಲದೆ. ಅವರು ಇದೇನು ಹೊಸದಲ್ಲ ಎಂಬಂತೆ ನನ್ನ ಬೆನ್ನು ತಟ್ಟಿ ಗಡಿಗೆ ಎತ್ತಿಕೊಂಡರು.

ಹಲಗೆ ವಾದ್ಯ ಮತ್ತೆ ಶುರುವಾಯಿತು. ನಾನೂ ಈರಮ್ಮನೂ ಬಾಗಿಲಲ್ಲಿ ನಿಂತೆವು. ಇಳಿಜಾರಿನಲ್ಲಿ ಹೆಂಗಸರ ಗುಂಪು ಕಲಸಿಹೋಯಿತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಟೊಂಕದಿಂದ ತಲೆಗೆ ಗಡಿಗೆಗಳು ಬದಲಾದವು. ತಿರುವಿನ ಹತ್ತಿರ ಐದೂ ಒಂದೇ ಸಾಲಿನಲ್ಲಿ ಕಂಡವು, ಬಿಳಿ ಮೈ, ಕೆಂಪು ಗೆರೆ, ಮೇಲೆ ಬಿಸಿಲು.

"ನಿಮ್ದು ಯಾವುದ್ರಿ ಅದ್ರಾಗ?" ಎಂದಳು ಈರಮ್ಮ.

ಕಣ್ಣು ಕಿರಿದು ಮಾಡಿ ನೋಡಿದೆ. ಎಷ್ಟು ನೋಡಿದರೂ ಗೊತ್ತಾಗಲಿಲ್ಲ.

"ಗೊತ್ತಾಗ್ತಿಲ್ಲ ಈರಮ್ಮ" ಅಂದೆ.

"ನನಗೂ ಗೊತ್ತಾಗವಲ್ದು" ಎಂದು ಅವಳು ಚಾಕ್ಕೆ ನೀರಿಡಲು ಒಳಗೆ ಹೋದಳು.